ಎಲ್ಲರಿಗೂ ಐನೂರು ಎಂದ ಡಾಕ್ಟರರಿಗೆ

ನನಗೆ ವೆಂಟಿಲೇಟರ್ ಕಲಿಸಿದ ಗುರುಗಳೇ,

ನಿಮ್ಮ ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ನಿಮ್ಮನ್ನು ಸಿಂಧನೂರಿನ ಪ್ರಾಣದಾತ ಎಂದರು. ಐಸಿಯು ಇನ್‌ಚಾರ್ಜ್ ಸಿಸ್ಟರ್ ಎಂದು ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಹದಿನೆಂಟು ವರ್ಷ ನಿಮ್ಮ ಕೈಕೆಳಗೆ ದುಡಿದವಳು, ಎರಡು ಒಳ್ಳೆಯ ಮಾತು ಹೇಳಿ ಇಳಿದೆ. ಅಂದಿನಿಂದ ಆ ಎರಡು ಮಾತು ಗಂಟಲಲ್ಲಿ ಮುಳ್ಳಾಗಿವೆ. ಸತ್ತವರನ್ನು ಬೈಯಬಾರದಂತೆ. ಹಾಗಾದರೆ, ಬದುಕಿರುವವರ ತಲೆಯ ಮೇಲೆ ಸತ್ತವರು ಹೊರಿಸಿಹೋದ ತಪ್ಪನ್ನು ಇಳಿಸುವವರು ಯಾರು?

ಗುರುಗುಂಟಾದ ಆ ಹೆಣ್ಣುಮಗಳನ್ನು ತಂದ ಬೆಳಗ್ಗೆ ನೆನಪಿದೆಯೇ? ನ್ಯುಮೋನಿಯಾ ಎರಡೂ ಶ್ವಾಸಕೋಶಗಳನ್ನು ಹಿಡಿದಿತ್ತು. ಗಂಟಲಿಗೆ ಕೊಳವೆ ಇಳಿಸಿ, ಉಸಿರೊಂದಕ್ಕೆ ಐನೂರು ಮಿಲಿಲೀಟರ್ ಗಾಳಿ ಎಂದು ವೆಂಟಿಲೇಟರಿನ ಗುಂಡಿ ತಿರುಗಿಸಿದಿರಿ. ಎಲ್ಲರಿಗೂ ಐನೂರು, ಅದು ನಿಮ್ಮ ರೂಢಿ. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗದ ನರ್ಸ್, ಮಸ್ಕಿಯ ರೇಣುಕಾ, ತಾಯಿಯ ಹೊಲಿಗೆ ಟೇಪನ್ನು ಜೇಬಿನಿಂದ ತೆಗೆದು, ಮಲಗಿದ್ದ ಆಕೆಯನ್ನು ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದಳು.

"ಏನಬೇ, ಜಂಪರ್ ಹೊಲೀತಿಯೇನು?" ಎಂದಿರಿ ನೀವು.

"ಇಲ್ರೀ ಸರ್. ಈಕಿ ಎತ್ತರ ನಾಕಡಿ ಎಂಟು ಇಂಚ್ ಐತ್ರಿ. ಮೈ ಎಷ್ಟ ದಪ್ಪ ಇದ್ರೂ ಶ್ವಾಸಕೋಶ ಎತ್ತರಕ್ಕ ತಕ್ಕಷ್ಟಽ ಇರ್ತಾವಲ್ರೀ. ಐನೂರು ಭಾಳ ಆತ್ರಿ, ಅದರ ಅರ್ಧ ಸಾಕು."

"ನಿಮ್ಮವ್ವನ ಅಂಗಡ್ಯಾಗ ಕುಂದ್ರು ಹೋಗು. ಅಲ್ಲಿ ಅರ್ಧ, ಮುಕ್ಕಾಲು ಎಲ್ಲಾ ನಡಿತೈತಿ."

ಇಡೀ ವಾರ್ಡು ನಕ್ಕಿತು. ನಾನು ನಗಲಿಲ್ಲ. ಆದರೆ ನಿಮ್ಮ ಹಿಂದೆಯೇ ನಿಂತಿದ್ದೆ, ಆ ಲೆಕ್ಕ ನನಗೂ ಗೊತ್ತಿದ್ದೂ… ರೇಣುಕಾಳನ್ನು ನೀವು ಆ ಹಾಸಿಗೆಯಿಂದಲೇ ದೂರವಿಟ್ಟಿರಿ.

ಮರುದಿನ ಸಂಜೆ ಯಂತ್ರ ಕೂಗಿತು. ಆಕೆಯ ಎದೆಯ ಬಲಭಾಗ ಏಳುತ್ತಿರಲಿಲ್ಲ. ಕುತ್ತಿಗೆಯ ಚರ್ಮದಡಿ ಗಾಳಿ ಸೇರಿ, ಮುಟ್ಟಿದರೆ ಚುರುಮುರಿ ಒತ್ತಿದಂತೆ ಸದ್ದಾಗುತ್ತಿತ್ತು. ಶ್ವಾಸಕೋಶ ಒಡೆದಿತ್ತು. ಗಾಳಿ ಹೊರಬರಲು ಎದೆಗೆ ನಳಿಕೆ ಹಾಕಿದಿರಿ; ನಿಮ್ಮ ಕೈಯ ಚುರುಕನ್ನು ಈ ಸಿಟ್ಟಿನಲ್ಲೂ ಅಲ್ಲಗಳೆಯಲಾರೆ. ಮೂರನೆಯ ದಿನ ಆಕೆ ತೀರಿಕೊಂಡಳು. "ಹಿಂಗ್ಯಾಕಾತ್ರೀ ಸಾಹೇಬ್ರ?" ಎಂದು ಗಂಡ ಅಮರಪ್ಪ ಕೇಳಿದಾಗ ನೀವು ರೇಣುಕಾಳತ್ತ ಬೆರಳು ಮಾಡಿದಿರಿ. "ಈಕಿ ಕಫ ಸರಿಯಾಗಿ ತೆಗೀಲಿಲ್ಲ."

"ನಿನ್ನ ಕೈಗೆ ಹುಳ ಬೀಳ್ಲಿ," ಎಂದು ಅವನು ಶಪಿಸಿದ. ಅಂದೇ ಅವಳು ಸಮವಸ್ತ್ರ ಮಡಿಚಿಟ್ಟು ಹೋದಳು. ಐನೂರೇ ಕೊಂದಿತೆಂದು ನಾನು ಆಣೆ ಮಾಡಲಾರೆ, ರೋಗವೂ ದೊಡ್ಡದಿತ್ತು. ಆದರೆ ಕಫ ಕೊಲ್ಲಲಿಲ್ಲವೆಂದು ಆಣೆ ಮಾಡಬಲ್ಲೆ. ರೇಣುಕಾಳನ್ನು ದೂರವಿಟ್ಟ ಬೆಳಗ್ಗಿನಿಂದ ಆಕೆಯ ಕಫ ತೆಗೆದವಳು ನಾನು. ಅದು ನಿಮಗೂ ಗೊತ್ತಿತ್ತು.

ನಾನು ಸೇರಿದ ಮೊದಲ ದಿನ, "ಬರೇ ಯಂತ್ರದ ಪರದೆ ನೋಡಬ್ಯಾಡವಾ, ಮಲಗಿದವರನ್ನ ನೋಡು," ಎಂದು ಕಲಿಸಿದವರು ನೀವು. ಅದೇ ಪಾಠವನ್ನು ಒಬ್ಬ ಹುಡುಗಿ ನಿಮಗೆ ಒಪ್ಪಿಸಿದಾಗ ನಿಮ್ಮ ಕಿವಿಗೆ ಏನಾಗಿತ್ತು?

ನಿಮ್ಮ ತಿಂಗಳ ತಿಥಿ ಕಳೆದ ಮೇಲೆ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಗುರುಗುಂಟಾಕ್ಕೆ ಹೋದೆ. ಅಮರಪ್ಪನ ಮುಂದೆ ನಿಮ್ಮ ತಪ್ಪನ್ನೂ ನನ್ನ ಮೌನವನ್ನೂ ಹೇಳಿದೆ. ಅವನು ಟವೆಲ್ಲು ಹೆಗಲಿಗೇರಿಸಿ ಎದ್ದು, "ಆ ಹುಡುಗಿ ಮನಿ ಎಲ್ಲೈತಿ, ನಡೀರಿ," ಎಂದ. ಮಸ್ಕಿಯಲ್ಲಿ ರೇಣುಕಾಳ ತಾಯಿ ಹೊಲಿಗೆ ಯಂತ್ರದಿಂದ ತಲೆ ಎತ್ತಿದ್ದೂ ಅರ್ಧವೇ.

"ಈಗ ಬಂದೀರೇನ್ರಿ ಅಕ್ಕಾರ? ಸಾಹೇಬ್ರು ಸತ್ತ ಮ್ಯಾಲ ಧೈರ್ಯ ಬಂತೇನ್ರಿ?"

ಅಮರಪ್ಪ ಹೊಸ್ತಿಲಲ್ಲಿ ಕುಳಿತು, ಒಳಗಿದ್ದ ರೇಣುಕಾಳಿಗೆ, "ಯವ್ವಾ, ನಾ ಅಂದದ್ದು ನನಗಽ ಹತ್ತಲಿ. ನೀ ಕೆಲಸಕ್ಕ ಹೋಗು," ಎಂದ.

ಸೋಮವಾರದಿಂದ ರೇಣುಕಾ ನಮ್ಮ ಐಸಿಯುನಲ್ಲಿದ್ದಾಳೆ. ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ ಆಡಳಿತದವರಿಗೆ ಕೊಟ್ಟಿದ್ದೇನೆ; ನನ್ನ ಮೇಲೆ ಏನು ಕ್ರಮ ಬಂದರೂ ಬರಲಿ. ಅವಳ ಜೊತೆ ಇನ್ನೂ ಮೂವರು ಹುಡುಗಿಯರಿಗೆ ಕಲಿಸುತ್ತಿದ್ದೇನೆ. ಪ್ರಶ್ನೆ ಕೇಳದ ದಿನ ಬೈಯುತ್ತೇನೆ. ಒಳ್ಳೆಯ ಮಕ್ಕಳು, ನಮಗಿಂತ ಚೆನ್ನಾಗಿ ಮಾಡುತ್ತಾರೆ.

ನಿನ್ನೆ ಒಬ್ಬ ಮುದುಕರ ಯಂತ್ರ ಅಡ್ಡಾದಿಡ್ಡಿಯಾಗಿ ಉಸಿರು ತಳ್ಳುತ್ತಿತ್ತು. ಮುದುಕರೇ ಯಂತ್ರಕ್ಕೆ ಎದುರಾಗಿ ಉಸಿರಾಡುತ್ತಿದ್ದಾರೆಂದುಕೊಂಡು, ನಿದ್ರೆಯ ಔಷಧ ಹೆಚ್ಚಿಸಲು ಹೊಸ ಡಾಕ್ಟರರನ್ನು ಕೇಳಹೊರಟೆ. "ತಡೀರಿ ಅಕ್ಕಾರ," ಎಂದಳು ರೇಣುಕಾ, ಎಲ್ಲರೆದುರು. "ಔಷಧ ಬ್ಯಾಡ. ಪೈಪಿನಾಗ ನೀರು ನಿಂತೈತಿ." ಉಸಿರಿನ ತೇವ ಹನಿಗಟ್ಟಿ ಕೊಳವೆಯ ಬಾಗಿನಲ್ಲಿ ತುಳುಕುತ್ತಿತ್ತು, ಆ ತುಳುಕಾಟವನ್ನೇ ಯಂತ್ರ ರೋಗಿಯ ಉಸಿರೆಂದು ಎಣಿಸಿತ್ತು. "ತಪ್ಪು ನಂದವಾ," ಎಂದೆ, ಎಲ್ಲರಿಗೂ ಕೇಳುವಂತೆ. ಅವಳು ನೀರು ಬಸಿದಳು. ಮುದುಕರ ಉಸಿರು ಲಯಕ್ಕೆ ಬಂತು. ಅಷ್ಟೇ ಆದದ್ದು, ಡಾಕ್ಟರರೇ. ಮತ್ತೇನೂ ಆಗಲಿಲ್ಲ.

ಇನ್ನೂ ನಿಮ್ಮನ್ನು ಕ್ಷಮಿಸದ
ನಿಮ್ಮ ಶಿಷ್ಯೆ