ಸ್ಪೀಕರ್ ಪಕ್ಕದ ಜಾಗ

ಸೇಲಂ,
15 ಜೂನ್ 2025

ಪ್ರೀತಿಯ ಮಾಲತಿ,

ಹೇಗಿದ್ದೀಯೇ? ಮೈಸೂರಲ್ಲಿ ಎಲ್ಲರೂ ಸೌಖ್ಯ ತಾನೇ? ನೀನು ಕಳಿಸಿದ ವಾಯ್ಸ್ ಮೆಸೇಜುಗಳಿಗೆಲ್ಲ ಬರೀ ನಗುವ ಬೊಂಬೆ ಹಾಕಿ ಸುಮ್ಮನಾದೆ ಅಂತ ಕೋಪ ಬಂದಿರುತ್ತೆ. ಬರಲಿ. ಹಾಸ್ಟೆಲಿನಲ್ಲಿ ನೀನೇ ಕಲಿಸಿಕೊಟ್ಟ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಮ್ಮ ಮಾರಂಡಹಳ್ಳಿಯಲ್ಲಿ ಸ್ಕೂಲೆಲ್ಲ ತಮಿಳು, ಕನ್ನಡ ಬಾಯಲ್ಲಿ ಮಾತ್ರ ಇತ್ತು, ನಿನಗೇ ಗೊತ್ತಲ್ಲ.

ಮೊದಲು ಸುದ್ದಿ. ಮಗಳು ಗಂಗಾ ದೊಡ್ಡವಳಾದಳು. ಮುಂದಿನ ಭಾನುವಾರ ಆರತಿ, ಊರಿಂದ ಅಣ್ಣ ಮಾದೇಶ ಸೀರೆ, ಹಣ್ಣಿನ ತಟ್ಟೆ ಹೊತ್ತು ಬರುತ್ತಾನೆ. ಮೈಕ್ ಸೆಟ್ ಬೇಡ ಅಂದೆ, ನನ್ನ ಮಾತು ಯಾರು ಕೇಳುತ್ತಾರೆ!

ನೀನು ಕಳಿಸಿದ ಪೋಸ್ಟರ್ ನೋಡಿದೆ. ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ನಮ್ಮ ಕಾಲದ ಹಾಡುಗಳ ರಾತ್ರಿಯಂತೆ. ನಾನು ಬರಲ್ಲ ಕಣೇ. ನನ್ನ ಕಿವಿ ಹೋಗಿದೆ. ಪೂರ್ತಿ ಅಲ್ಲ. ಎದುರು ನಿಂತು ಜೋರಾಗಿ ಆಡಿದ ಮಾತು ಕೇಳುತ್ತೆ, ಸಣ್ಣ ಸದ್ದು, ಪಿಸುಮಾತು, ಫೋನಿನ ದನಿ ಕೇಳಲ್ಲ. ಜೊತೆಗೆ ಹಗಲೂ ರಾತ್ರಿ ಒಳಗೇ ಗುಂಯ್ ಅನ್ನುತ್ತೆ.

ಮನೆ ಕೆಳಗೆ ನಮ್ಮ ಪಟ್ಟರೆಯಲ್ಲಿ, ಅದೇ ಸಣ್ಣ ಕಾರ್ಖಾನೆಯಲ್ಲಿ, ಬೆಳ್ಳಿ ಕಾಲ್ಗೆಜ್ಜೆ ಮಾಡುತ್ತಾರಲ್ಲ, ಪ್ರತಿ ಜೊತೆಯನ್ನೂ ಕಿವಿ ಹತ್ತಿರ ಅಲ್ಲಾಡಿಸಿ, ಸದ್ದಿಲ್ಲದ ಮೂಗ ಗೆಜ್ಜೆ ಆರಿಸಿ ತೆಗೆಯುವುದು ನನ್ನ ಕೆಲಸ. ಕೇಳದಿದ್ದರೂ ಕೈಗೆ ತಿಳಿಯುತ್ತೆ ಅಂತ ಅಂದಾಜಿನಲ್ಲಿ ಪಾಸು ಮಾಡುತ್ತಿದ್ದೆ. ಅಂಗಡಿಯವರು ಚೀಲ ಚೀಲವೇ ವಾಪಸು ಕಳಿಸಿದರು. ನಾದಿನಿ ಜ್ಯೋತಿಲಕ್ಷ್ಮಿ ಎಲ್ಲರ ಮುಂದೆ ಅಲ್ಲಾಡಿಸಿ, "ಏನಣ್ಣೀ, ಅರ್ಧಕ್ಕರ್ಧ ಮೂಗ್ ಗೆಜ್ಜೇನೇ ಐತೆ! ನಿಂಗೆ ಕೇಳಾಕಿಲ್ವಾ?" ಅಂದಳು. ಅಣ್ಣಿ ಅಂದರೆ ಇಲ್ಲಿ ಅತ್ತಿಗೆ. ಈಗ ನನ್ನ ಸ್ಟೂಲಿನ ಮೇಲೆ ಅವಳು ಕೂರುತ್ತಾಳೆ.

ಡಾಕ್ಟರು "ಮಿಲ್ಲುಲ ವೇಲೆ ಪಾತ್ತೀಂಗಳಾ?" ಅಂತ ಕೇಳಿದರು. ಮಿಲ್ಲಿನಲ್ಲಿ ಕೆಲಸ ಮಾಡಿದ್ದಿರಾ ಅಂತ. ಜೋರು ಸದ್ದಿಗೆ ಹೋದ ಕಿವಿಯಂತೆ ಇದು. ಇಲ್ಲ ಅಂತ ತಲೆಯಾಡಿಸಿದೆ. ಬಸ್ಸಿಳಿದು ಮನೆಗೆ ಬರುವಾಗ ನಮ್ಮ ಯಜಮಾನರು ಪಳನಿ ನಿಂತುಬಿಟ್ಟರು. "ಪಟ್ಟರೆ ಮಿಷನ್ ಸದ್ದೇ ನಿನ್ ಕಿವೀನ ತಿಂದೈತೆ ಮೇನಕಾ. ನಾನೇ ನೋಡ್ಕೊಂಡಿರ್ಬೇಕಿತ್ತು," ಅಂದರು. ಈಗ ಮಿಷನ್ ಸಾಗಿಸಲು ಬೇರೆ ಜಾಗ ಹುಡುಕುತ್ತಿದ್ದಾರೆ. ಆ ಮನುಷ್ಯ ಇಲ್ಲದ ತಪ್ಪು ಹೊತ್ತು ಓಡಾಡುವುದನ್ನು ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತೆ. ಏನಂತ ಹೇಳಲಿ? ನಾವು ಹಾಸ್ಟೆಲಿಂದ ಹೋಗುತ್ತಿದ್ದ ಬಿಡದಿ ಆಚೆಯ ತೋಟದ ಪಾರ್ಟಿಗಳನ್ನು ಇವರ ಮುಂದೆ ಎಲ್ಲಿಂದ ಶುರು ಮಾಡಲಿ?

ಸ್ಪೀಕರಿಗೆ ಅಂಟಿಕೊಂಡು ನಿಂತರೆ ಯಾವ ಗಂಡಸೂ ಬಂದು ಮಾತಾಡಿಸಲ್ಲ ಅಂತ ಕಂಡುಹಿಡಿದವಳು ನೀನು. ಎಂಥ ಉಪಾಯ ಮಹಾತಾಯಿ! ಎದೆಯೊಳಗೇ ಡ್ರಮ್ ಬಡಿಯುತ್ತಿತ್ತು. ಬೆಳಗಿನ ಮೊದಲ ಬಸ್ಸಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಕಿರುಚಿ ಟಿಕೆಟ್ ಕೇಳಿ, ಕಂಡಕ್ಟರನ ಮುಖ ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು. ಕುಡಿಯಲಿಲ್ಲ, ಯಾರ ಹಿಂದೆಯೂ ಹೋಗಲಿಲ್ಲ, ಕುಣಿದೆವು ಅಷ್ಟೇ. ಹುಷಾರಾಗಿದ್ದವರಿಗೇ ಹೀಗಾಗಬೇಕಾ? ಕುಣಿದದ್ದಕ್ಕೆ ನನಗೆ ಒಂದು ಚೂರೂ ಬೇಜಾರಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಆದರೆ ಸಿಟ್ಟು ಮಾತ್ರ ಇಳಿಯುತ್ತಿಲ್ಲ. ನಿನ್ನ ಕಿವಿ ಹೇಗಿದೆ? ಚೆನ್ನಾಗಿದೆ ಅಂತ ಬರೆಯಬೇಡ, ಹೊಟ್ಟೆ ಉರಿಯುತ್ತೆ. ಅಲ್ಲ, ಚೆನ್ನಾಗಿಯೇ ಇರಲಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಹುಡುಗರಿಬ್ಬರೂ ನೂರು ಕಾಲ ಸುಖವಾಗಿರಲಿ, ನಿನ್ನ ಮನೆ ನಗುತ್ತಿರಲಿ.

ನಿನ್ನವಳೇ ಆದ,
ಮೇನಕಾ

ತಾ.ಕ.: ಇದನ್ನು ಬರೆಯಬಾರದು ಅಂತಲೇ ಇದ್ದೆ. ಮೊನ್ನೆ ಬುಧವಾರ ಒಗ್ಗರಣೆ ಹಾಕುತ್ತಿದ್ದೆ. ಗಂಗಾ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ ಏನೋ ಹೇಳಿದಳು. ಸ್ಕೂಲಿನ ವಿಷಯ ಇರಬೇಕು ಅಂದುಕೊಂಡು, ತಿರುಗಿಯೂ ನೋಡದೆ, "ಆಯ್ತು, ಸಾಯಂಕಾಲ ಅಪ್ಪನ್ನ ಕೇಳು ಓಗು," ಅಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಜ್ಯೋತಿ ಅವಳನ್ನು ಹಿಂದಿನ ಕೋಣೆಯಲ್ಲಿ ಚಾಪೆ ಹಾಕಿ ಕೂರಿಸಿದ್ದಾಳೆ. "ನಿಂಗೇ ಮೊದ್ಲು ಏಳಿದ್ಳಂತಲ್ಲ ಅಣ್ಣೀ," ಅಂದಳು. ಮಗಳು ಗೋಡೆ ಕಡೆ ತಿರುಗಿ ಕೂತಿದ್ದಳು. ಕೇಳಿಸಲಿಲ್ಲ ಕಂದಾ ಅಂತ ಎಷ್ಟು ಹೇಳಿದರೂ ತಿರುಗಲಿಲ್ಲ. ಈಗ ನನ್ನ ಹತ್ತಿರ ಏನು ಹೇಳಬೇಕಾದರೂ ಬಾಗಿಲಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ. ಗುಟ್ಟಿದ್ದರೆ ಜ್ಯೋತಿ ಅತ್ತೆ ಹತ್ತಿರ ಹೋಗುತ್ತಾಳೆ.