ನೆಲಕ್ಕಂಟಿದ ಹಳದಿ ಪಟ್ಟಿ

ಜಾನ್ಸನ್ ಸಿಟಿ, ಟೆನೆಸೀ
೧೫ ಅಕ್ಟೋಬರ್ ೨೦೨೪

ಪ್ರೀತಿಯ ವರ್ನಾ ಅಕ್ಕನಿಗೆ,

ಎರಡು ತಿಂಗಳಿಂದ ಕಾಗದ ಬರೆಯದ್ದಕ್ಕೆ ಬೈಯಬೇಡ. ಊರೂರು ಸುತ್ತಾಟ, ವ್ಯಾನಿನಲ್ಲೇ ಊಟ, ನಡುನಡುವೆ ಕೋರಿನ್ ಜೊತೆ ಕಾದಾಟ. ನೀನು ಕಳಿಸಿದ ಸೇಬಿನ ಜಾಮ್ ಮುಗಿಯಿತು. ಖಾಲಿ ಬಾಟಲಿ ಜೋಪಾನವಾಗಿದೆ, ತುಂಬಿಸುವ ಮನಸ್ಸಿದ್ದರೆ ಹೇಳು.

ಕಾದಾಟದ ಮೂಲ ಒಂದು ಹಳದಿ ಪಟ್ಟಿ. ಜೋಡಿಯಾಗಿ ಹಾಡುವ ನಮ್ಮಿಬ್ಬರಿಗೂ ಒಂದೇ ಮೈಕ್ ಎಂಬುದು ನಿನಗೆ ಗೊತ್ತಲ್ಲ. ದನಿ ಜೋರಾದವರು ಹಿಂದೆ, ಮೆತ್ತಗಿನವರು ಮುಂದೆ. ಪ್ರತಿ ವೇದಿಕೆಯಲ್ಲೂ ಕೋರಿನ್ ಅಳತೆ ನೋಡಿ ನನ್ನ ಕಾಲಿನ ಜಾಗಕ್ಕೆ ಅಂಟುಪಟ್ಟಿ ಹಚ್ಚುತ್ತಾಳೆ. ಹದಿನಾರು ವರ್ಷ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಹಾಡಿದ್ದೇವೆ. ಈ ವರ್ಷ ಆ ಪಟ್ಟಿ ಬೆರಳು ಬೆರಳಷ್ಟೇ ಹಿಂದೆ ಸರಿಯುತ್ತ ಬಂತು. ಹೋದ ತಿಂಗಳು ಕೇಳಿಯೇಬಿಟ್ಟೆ.

"ಏನಮ್ಮಾ, ಇನ್ನೆರಡು ಊರು ಕಳೆದ್ರೆ ನಾನು ಪಾರ್ಕಿಂಗ್‌ನಲ್ಲಿ ನಿಂತ್ಕೊಂಡು ಹಾಡ್ಬೇಕಾ?"

"ನೀನು ಕಿರುಚ್ತಿದ್ದೀಯ, ಡೆಲ್."

"ಕಿರುಚೋದಲ್ಲ, ಅದು ಭಾವ."

"ನಿನ್ನ ಭಾವಕ್ಕೆ ಮುಂದಿನ ಸಾಲಿನ ಮಗು ಅತ್ತುಬಿಡ್ತು ಕಣೋ."

ಒಬ್ಬಳೇ ಮೆರೆಯಲು ನೋಡುತ್ತಿದ್ದಾಳೆ ಎಂದುಕೊಂಡೆ. ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಶನಿವಾರ ಮಧ್ಯಾಹ್ನ ನಾಕ್ಸ್‌ವಿಲ್‌ನಲ್ಲಿ ಕಾರ್ಯಕ್ರಮ. ಕೊನೆಯ ಹಾಡಿನ ಕೊನೆಯ ಚರಣಕ್ಕೆ ಬ್ಯಾಂಜೊ, ಗಿಟಾರ್ ಎರಡನ್ನೂ ನಿಲ್ಲಿಸಿ, ಕಣ್ಣು ಮುಚ್ಚಿ ಬರೀ ಗಂಟಲಲ್ಲಿ ಹಾಡುವುದು ನಮ್ಮ ಪದ್ಧತಿ. ಅವಳದು ರಾಗ, ನನ್ನದು ಅದರಡಿಯ ದನಿ. ಚರ್ಚಿನಲ್ಲಿ ನೀನೇ ನನ್ನ ಕಿವಿ ಹಿಂಡಿ ಕಲಿಸಿದ್ದು. ಅಂದು ಎಷ್ಟು ಹದವಾಗಿ ಕೂಡಿತೆಂದರೆ, ಮುನಿಸೆಲ್ಲ ಕರಗಿಹೋಯಿತು. ಕಣ್ಣು ಬಿಟ್ಟೆ.

ಕೋರಿನ್ ಪಕ್ಕದಲ್ಲಿರಲಿಲ್ಲ. ವೇದಿಕೆಯ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮೊದಲ ಸಾಲಿಗೇ ಕೆಮ್ಮು ಬಂದು ಸರಿದಿದ್ದಳಂತೆ. ಮಿಕ್ಕ ಏಳು ಸಾಲನ್ನೂ ನಾನು, ಅವಳಿಲ್ಲದ ಕಡೆಗೆ ಕೆನ್ನೆ ವಾಲಿಸಿ, ಅಡಿದನಿಯಲ್ಲಿ ಒಬ್ಬನೇ ಹಾಡಿದ್ದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಟ್ಟದ ಅಜ್ಜಿಯರ ಹಾಡಿಗೆ ವಿಚಿತ್ರ ಸದ್ದು ಬೆರೆಸುವವರು ನಾವು. ನಮ್ಮ ಕೇಳುಗರಿಗೆ ಅರ್ಥವಾಗದ್ದೆಲ್ಲ ಹೊಸ ಪ್ರಯೋಗ.

ಒಳಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಕೋರಿನ್ ನನ್ನ ಎಡದಿಂದ ಎದ್ದು ಬಂದು ಎದುರು ನಿಂತಳು.

"ಮೂರು ಸಲ ಕರೆದೆ, ಡೆಲ್. ಪಕ್ಕದಲ್ಲೇ ಕೂತು ಕರೆದೆ."

ಡಾಕ್ಟರ ಹತ್ತಿರ ಹೋಗಲೇಬೇಕೆಂದು ಹಟ ಹಿಡಿದಳು.

ಇವತ್ತು ಬೆಳಿಗ್ಗೆ ಡಾಕ್ಟರ್ ನೋಡಿದರು. ಎಡಗಿವಿ ಸತ್ತು ತಿಂಗಳುಗಳೇ ಆಗಿವೆಯಂತೆ, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ಮುಂದಿನ ತಿಂಗಳು ಹೊಸ ಆಲ್ಬಮ್ ಶುರು. ಯಾವ ಕಂಪನಿಯ ಹಂಗೂ ಇಲ್ಲದೆ ನಾವಿಬ್ಬರೇ ಮಾಡುವಂಥದ್ದು. ಕೋರಿನ್, "ನಾನು ಬಲಕ್ಕೆ ನಿಲ್ತೀನಿ, ಅದಕ್ಕೇನೀಗ?" ಅನ್ನುತ್ತಾಳೆ.

ಭಾವನನ್ನು ಕೇಳಿದೆನೆಂದು ಹೇಳು. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ಫೋನ್ ಮಾಡಬೇಡ, ಕಾಗದ ಬರೆ.

ನಿನ್ನ ತಮ್ಮ,
ಡೆಲ್

ಮರೆತಿದ್ದೆ: ಇದನ್ನು ಡಾಕ್ಟರಿಗೂ ಹೇಳಿಲ್ಲ, ಕೋರಿನ್‌ಗೂ ಹೇಳಿಲ್ಲ. ಆ ಏಳು ಸಾಲಿನಲ್ಲೂ ನನಗೆ ಅವಳ ದನಿ ಕೇಳಿಸಿತು ಅಕ್ಕಾ, ಸ್ಪಷ್ಟವಾಗಿ, ಎಡಗಡೆಯಿಂದಲೇ. ಹಾಗಾದರೆ ಈ ವರ್ಷವೆಲ್ಲ ನಾನು ಯಾರ ಜೊತೆ ಹಾಡುತ್ತಿದ್ದೆ?