ನಾವು ಹೋಗದ ಕೊಲ್ಲಿ

ಅಕ್ಟೋಬರ್ 6, ಸೋಮವಾರ

ಈಜು ಕಲಿಯಲು ಐವರು ಹೆಂಗಸರು ಬಂದಿದ್ದರು. ನೀರು ಇನ್ನೂ ಬೆಚ್ಚಗಿದೆ. ಕತಿಂಗೋ ಮಾತ್ರ ದಂಡೆಯಲ್ಲೇ ಕೂತು ಸ್ವೆಟರ್ ಹೆಣೆದಳು. ಮೊಣಕಾಲು ನೋವಂತೆ. ಭಯ ಅನ್ನಲಿಕ್ಕೆ ನಾಚಿಕೆ.

ಅರ್ಗಿರೋ ಅತ್ತಿಗೆ ಇವತ್ತು ಮೊದಲ ಸಲ ಮುಖ ಮುಳುಗಿಸಿದಳು. ವಯಸ್ಸು ಅರವತ್ತು ದಾಟಿತು. ಹುಟ್ಟಿದ್ದು ಈ ದ್ವೀಪದಲ್ಲಿ, ಕಟ್ಟಿಕೊಂಡಿದ್ದು ಮೀನುಗಾರನನ್ನು, ಆದರೂ ಕಡಲಲ್ಲಿ ಸೊಂಟಮಟ್ಟಕ್ಕಿಂತ ಆಳಕ್ಕೆ ಇಳಿದವಳಲ್ಲ. ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಇನ್ನೂ ಉರಿಯುತ್ತಿದೆ. ಗಾಜಿನ ಮಾಸ್ಕ್ ಹಾಕಿ ಕೆಳಗೆ ನೋಡಿದವಳು ಏಳಲೇ ಇಲ್ಲ. ಕಡಲಹುಲ್ಲಿನ ಬಯಲು ಗಾಳಿಗೆ ಗೋಧಿ ಆಡಿದಂತೆ ಆಡುತ್ತಿತ್ತು. ಅದರ ಮೇಲೆ ಬಂಗಾರದ ಗೆರೆಯ ಮೀನಿನ ಹಿಂಡು. ಕೊನೆಗೆ ಎದ್ದಳು. ಎದ್ದವಳ ಮುಖದಲ್ಲಿ ಸಿಟ್ಟು!

"ನಲವತ್ತು ವರ್ಷದಿಂದ ಈ ಮನುಷ್ಯ ಇದರ ಮೇಲೇ ದೋಣಿ ಓಡಿಸ್ತಾನೆ. ಕೆಳಗೆ ಹಿಂಗಿದೆ ಅಂತ ಒಂದಿನ ಬಾಯಿಬಿಟ್ಟು ಹೇಳಿದ್ನಾ?"

"ಅವನೂ ನೋಡಿಲ್ಲ ಅತ್ತಿಗೆ. ಮೇಲಿಂದ ಏನು ಕಾಣುತ್ತೆ?"

ಆ ಮನುಷ್ಯ ನನ್ನ ಅಣ್ಣ ಸ್ತ್ರಾತಿಸ್. ತಿಂಗಳ ಕೊನೆಗೆ ಊರ ಸಭೆ. ಈ ಆಸ್ಪ್ರಿ ಕೊಲ್ಲಿಯೊಳಗೆ ಬಲೆ ಬೇಡ, ಲಂಗರು ಬೇಡ ಅಂತ ನನ್ನ ಅರ್ಜಿ. ಬೇಕೇ ಬೇಕು ಅನ್ನುವವರ ಮುಂದಾಳು ಅವನು. ನನ್ನ ಬಳಿ ಇರುವುದು ಇಷ್ಟೇ: ಈ ಹೆಂಗಸರು, ನಾಲ್ಕು ಹಳೇ ಮಾಸ್ಕು. ಒಮ್ಮೆ ಕೆಳಗೆ ನೋಡಿದವರು ಕೈ ಎತ್ತದೇ ಇರುತ್ತಾರೆಯೇ... ನೋಡೋಣ.

ಅಕ್ಟೋಬರ್ 9

ಬೇಳೆ ಬೇಯಿಸುತ್ತಿದ್ದೆ. ಅಣ್ಣ ಬಂದವನೇ ಒದ್ದೆ ಬಲೆಯನ್ನು ತಂದು ಊಟದ ಮೇಜಿನ ಮೇಲೆ ಸುರಿದ. ತಲೆ ತೂರುವಷ್ಟು ದೊಡ್ಡ ತೂತುಗಳು.

"ನೋಡು. ನಿನ್ನ ಗೆಳತಿ ಉಂಡು ಹೋದ ತಟ್ಟೆ."

"ಕಡಲನಾಯಿನೇ, ಸೀಲೇ ಅಂತ ಹೇಗೆ ಹೇಳ್ತೀಯ?"

"ಮತ್ತೇನು ಪಾದ್ರಿ ಬಂದು ಕಚ್ಚಿ ಹೋದ್ರಾ? ಹೋದ ವಾರ ಪಂದೆಲಿಸನ ಬಲೆ, ಈ ವಾರ ನಂದು."

"ಇಡೀ ಜಗತ್ತಲ್ಲಿ ಈ ಜಾತಿ ಎಷ್ಟು ಕಮ್ಮಿ ಉಳಿದಿದೆ ಗೊತ್ತಾ ಅಣ್ಣ?"

"ಈ ಬಂದರಲ್ಲಿ ಮೀನುಗಾರರು ಎಷ್ಟು ಜನ ಉಳಿದಿದ್ದಾರೆ, ಅದು ಗೊತ್ತಾ ನಿಂಗೆ? ನಮಗೋಸ್ಕರ ಯಾರೇ ಅರ್ಜಿ ಬರೆಯೋರು?"

ಅವನು ಬಲೆ ಬಾಚಿಕೊಂಡು ಹೊರಟ. ಹೊಸ್ತಿಲಲ್ಲಿ ನಿಂತು, ತಿರುಗದೇ ಹೇಳಿದ, "ಪಂದೆಲಿಸ್ ಬಂದೂಕಿಗೆ ಎಣ್ಣೆ ಹಾಕ್ತಿದ್ದಾನೆ."

ಬೆದರಿಕೆಯೋ, ಎಚ್ಚರಿಕೆಯೋ... ಬೇಳೆ ತಳ ಹಿಡಿದಿತ್ತು.

ಅಕ್ಟೋಬರ್ 14

ಒದ್ದೆ ಕೂದಲಲ್ಲೇ ಬರೆಯಲು ಕೂತೆ.

ಒಬ್ಬಳೇ ಈಜಿ ಕೊಲ್ಲಿಯ ಉತ್ತರದ ಬಂಡೆ ಸುತ್ತಿ ಬಂದೆ. ಅಲ್ಲೊಂದು ಗುಹೆ, ಬಾಯಿ ಅರ್ಧ ನೀರೊಳಗೆ. ಒಳಗಿಂದ ಸದ್ದು—ಕೂಸು ಅತ್ತಂತೆ, ಮೇಕೆ ಕೂಗಿದಂತೆ. ಇಣುಕಿದೆ. ಒಳಗೆ ಬೆಣಚುಕಲ್ಲಿನ ಪುಟ್ಟ ದಂಡೆ. ಅದರ ಮೇಲೆ ದೊಡ್ಡ ಬೂದು ಮೈ. ಅದಕ್ಕಂಟಿಕೊಂಡು ಇದ್ದಿಲಿನಂಥ ಕಪ್ಪು ಮರಿ, ಹೊಟ್ಟೆಯಲ್ಲಿ ಮಾತ್ರ ಬಿಳಿ ತೇಪೆ. ಬಾಯಿಯ ಹೊರಗಿನಿಂದಲೇ, ನೀರು ತಾಗದ ಚೀಲದ ಫೋನಿನಲ್ಲಿ ಒಂದು ಚಿತ್ರ ತೆಗೆದೆ. ತಾಯಿ ತಲೆ ಎತ್ತಿದಳು. ಉಸಿರು ಬಿಗಿಹಿಡಿದು ಹಿಂದೆ ಸರಿದೆ.

ಅಥೆನ್ಸಿನ ಸೀಲ್ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಕೆಯದು ಒಂದೇ ಮಾತು: "ಯಾರಿಗೂ ಹೇಳ್ಬೇಡಿ. ಜನ ಬಂದ್ರೆ ತಾಯಿ ಗುಹೆ ಬಿಟ್ಟು ಹೋಗ್ತಾಳೆ. ಹಾಲು ಬಿಡದ ಮರಿ, ಆಮೇಲೆ ಉಳಿಯಲ್ಲ."

ಜನರಿಗೆ ಕಡಲು ತೋರಿಸುವುದೇ ನನ್ನ ಕೆಲಸ. ಇದ್ದುದರಲ್ಲಿ ಅತ್ಯಂತ ಚೆಂದದ್ದನ್ನು ಮಾತ್ರ ತೋರಿಸಬಾರದು.

ಅಕ್ಟೋಬರ್ 15

ಅಧ್ಯಕ್ಷ ಅನೆಸ್ತಿಸನಿಗೆ ಮಾತ್ರ ಹೇಳಿದೆ. ಸಭೆ ನಡೆಸುವವನು ಅವನು, ಅವನಿಗೆ ತಿಳಿಯದಿದ್ದರೆ ಹೇಗೆ? ಚಿತ್ರ ಕಳಿಸಿದೆ. ಎದೆ ಮೇಲೆ ಕೈ ಇಟ್ಟು ಹೇಳಿದ, "ದೇವಮಾತೆ ಆಣೆ ಮಿರ್ಸಿನಿ, ನನ್ನ ಹೆಂಡತಿಗೂ ಹೇಳಲ್ಲ." ಕಣ್ಣಲ್ಲಿ ನೀರಿತ್ತು. ನಂಬಿದೆ.

ಅಕ್ಟೋಬರ್ 18, ಶನಿವಾರ

ಹೆಂಡತಿಗೆ ಹೇಳಲಿಲ್ಲ, ಸರಿ. ಊರ ಫೇಸ್‌ಬುಕ್ ಪುಟದಲ್ಲಿ ಹಾಕಿದ! ಮೇಲೆ ಕೆಂಪು ಹೃದಯ. ಗುಹೆಯ ಬಾಯಿ ಅಷ್ಟೂ ಕಾಣುತ್ತದೆ, ಇಲ್ಲಿ ಹುಟ್ಟಿದ ಯಾರಾದರೂ ಗುರುತು ಹಿಡಿಯುತ್ತಾರೆ.

ಓಡಿ ಹೋದೆ. ಕಾಫಿ ಅಂಗಡಿಯಲ್ಲಿ ಕೂತಿದ್ದ.

"ತೆಗಿ ಅದನ್ನ. ಈಗಲೇ ತೆಗಿ."

"ಯಾಕಮ್ಮ ಕಿರುಚ್ತೀಯ? ಜನ ಕಡಲನ್ನ ಪ್ರೀತಿಸ್ಲಿ ಅಂತ ಊರೆಲ್ಲ ಸಾರಿದವಳು ನೀನೇ ಅಲ್ವಾ? ನೋಡು, ಎಷ್ಟು ಜನ ಪ್ರೀತಿಸ್ತಿದ್ದಾರೆ! ದೂರದ ಪಿರೇಯಸ್ ಬಂದರಿಂದ ಬೇರೆ ಫೋನು."

ತೆಗೆದ. ಅಷ್ಟರಲ್ಲಿ ಎಲ್ಲರ ಫೋನಿಗೂ ಹೋಗಿತ್ತು.

ಅಕ್ಟೋಬರ್ 19, ಭಾನುವಾರ

ಪೂಜೆ ಮುಗಿದದ್ದೇ ದೋಣಿಗಳು ಹೊರಟವು. ಮಕ್ಕಳು, ಅಜ್ಜಿಯರು, ಒಂದರಲ್ಲಿ ಗಿಟಾರ್. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಎಲ್ಲರ ಮುಖದಲ್ಲೂ ಹಬ್ಬ. ಬಂದರು ಪೊಲೀಸಿನವನು, "ನಿಷೇಧ ಇಲ್ವಲ್ಲ ಮೇಡಂ, ಯಾವ ಕಾನೂನಲ್ಲಿ ತಡೀಲಿ?" ಅಂದ. ಗುಹೆಯ ಬಾಯಲ್ಲಿ ನೀರಿನಲ್ಲೇ ತೇಲುತ್ತ ಕೈ ಬೀಸಿ ಕೂಗಿದೆ. ಅವರೂ ತಿರುಗಿ ಕೈ ಬೀಸಿದರು.

ತಾಯಿ ನನ್ನ ಕಾಲ ಕೆಳಗಿಂದಲೇ ಹೋದಳು. ನೀರು ತಳ್ಳಿದ್ದು ಮೈಗೆ ತಾಗಿತು. ಸಂಜೆಯವರೆಗೆ ಬಂಡೆ ಮೇಲೆ ಕಾದೆ. ಬರಲಿಲ್ಲ. ಒಳಗೆ ಮರಿ ಕೂಗುತ್ತಲೇ ಇತ್ತು.

ಅಕ್ಟೋಬರ್ 21. ಬೆಳಿಗ್ಗೆ

ಉತ್ತರದ ಗಾಳಿ, ಹನ್ನೆರಡರ ಅಳತೆಯಲ್ಲಿ ಒಂಬತ್ತರ ಬಲ. ಹಡಗು ಬಂದ್. ಅಲೆ ಗುಹೆಯೊಳಕ್ಕೇ ನುಗ್ಗುತ್ತಿರಬೇಕು.

ಅತ್ತಿಗೆಯ ಫೋನ್: "ಬೇಗ ಬಾ. ಆಸ್ಪ್ರಿ ದಂಡೆಗೆ ಮರಿ ಬಂದು ಬಿದ್ದಿದೆ. ಊರೆಲ್ಲ ಸೇರಿದೆ." ಬೂಟು ಹಾಕಿಕೊಳ್ಳುತ್ತಲೇ ಬರೆಯುತ್ತಿ

ಅದೇ ದಿನ. ಸಂಜೆ

ಕೂತು ಎಲ್ಲ ಬರೆಯಬೇಕು. ಇಲ್ಲದಿದ್ದರೆ ನಿದ್ದೆ ಬರಲಿಕ್ಕಿಲ್ಲ.

ನಾನು ಹೋಗುವಾಗ ಯಾರೋ ಮರಿಗೆ ಕಂಬಳಿ ಹೊದಿಸಿದ್ದರು. ಯಾರೋ ಬಟ್ಟಲಲ್ಲಿ ಮೇಕೆ ಹಾಲು ತಂದಿದ್ದರು. ಅನೆಸ್ತಿಸ್ ಅದನ್ನು ಎತ್ತಿ ನೀರಿಗೆ ಬಿಡೋಣ ಅನ್ನುತ್ತಿದ್ದ. ಫೋನಿನಲ್ಲಿ ಡಾಕ್ಟರಮ್ಮ ಕೂಗಿ ಹೇಳಿದಳು: ಮುಟ್ಟಬೇಡಿ, ಉಣಿಸಬೇಡಿ, ನೀರಿಗೆ ತಳ್ಳಬೇಡಿ. ಗಾಳಿ ನಿಲ್ಲದೆ ನಾವು ಬರಲಾಗದು. ದಂಡೆ ಖಾಲಿ ಇದ್ದರೆ ಮಾತ್ರ ತಾಯಿ ಬಂದಾಳು.

ಖಾಲಿ ಮಾಡುವುದು ಹೇಗೆ? ನನ್ನ ಮಾತು ಗಾಳಿಗೇ ಹೋಯಿತು. ಆಗ ಕತಿಂಗೋ, ನೀರಿಗಿಳಿಯದ ಆ ಕತಿಂಗೋ, ಹೆಣಿಗೆ ಕಡ್ಡಿ ಹಿಡಿದುಕೊಂಡೇ ಮುಂದೆ ಬಂದಳು.

"ಹಿಂದೆ ಸರೀರಿ ಎಲ್ಲಾ! ಬಾಣಂತಿ ಮನೆ ಮುಂದೆ ಹಿಂಗೆ ಗುಂಪು ಕಟ್ತೀರೇನ್ರೋ ನೀವು? ನಾಚಿಕೆ ಇಲ್ವಾ?"

ನನ್ನ ಐವರೂ ಕೈ ಕೈ ಹಿಡಿದು ಅಡ್ಡ ನಿಂತರು. ಪಂದೆಲಿಸ್ ದೂರದಲ್ಲಿ ಜೇಬಿನಲ್ಲಿ ಕೈ ತುರುಕಿ ನಿಂತಿದ್ದ. ಬಂದೂಕಿರಲಿಲ್ಲ. ಅವನನ್ನೇ ನೋಡುತ್ತಿದ್ದೆ. ಕೊನೆಗೆ ತನ್ನ ನಾಯಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋದ, ಅಷ್ಟೇ. ಜನ ಒಬ್ಬೊಬ್ಬರಾಗಿ ಮೇಲಿನ ರಸ್ತೆಗೆ ಏರಿದರು. ನಾವೂ ಏರಿ ಗೋಡೆಯ ಮರೆಗೆ ಕೂತೆವು.

ಆಗಲೇ ಅತ್ತಿಗೆ ನನ್ನ ತೋಳು ಹಿಡಿದಳು. "ಅದು ನಮ್ಮ ದೋಣಿ."

ಕೊಲ್ಲಿಯ ಬಾಯಲ್ಲಿ ಅಣ್ಣನ ನೀಲಿ ದೋಣಿ. ಗಾಳಿಗೆ ಮೊದಲು ಬಲೆ ಎತ್ತುತ್ತೇನೆಂದು ಹೋಗಿದ್ದನಂತೆ. ಇಂಜಿನ್ ನಿಂತಿತ್ತು. ದೋಣಿ ಅಲೆಗೆ ಅಡ್ಡ ತಿರುಗಿತ್ತು. ಅವನು ಅಂಚಿನಿಂದಾಚೆ ಬಗ್ಗಿ ಬಗ್ಗಿ ಏನೋ ಮಾಡುತ್ತಿದ್ದ, ಅರ್ಧ ಮೈ ನೀರೊಳಗೆ.

"ಬಲೆ ಬಿಟ್ಟು ಬಾರೋ!" ಅತ್ತಿಗೆ ಗಾಳಿಗೆ ಎದುರಾಗಿ ಕಿರುಚಿದಳು. "ಹಾಳು ಬಲೆ ಬಿಡೋ! ಈಜು ಬರಲ್ವಲ್ಲೋ ನಿಂಗೆ!"

ಒಂದು ಅಲೆ ಬಂತು. ದೋಣಿ ಕಾಣಲಿಲ್ಲ. ಅತ್ತಿಗೆ ಗೋಡೆ ಹತ್ತಿ ನಿಂತಳು. ಮತ್ತೆ ಕಂಡಿತು. ಅವನು ಮಂಡಿಯೂರಿದ್ದ. ಹಗ್ಗ ಎಳೆದು ಇಂಜಿನ್ ಹಚ್ಚುತ್ತಿದ್ದ. ಒಮ್ಮೆ, ಎರಡು ಬಾರಿ... ಹತ್ತಿತು. ಬಂಡೆಗೆ ಮಾರು ದೂರದಲ್ಲಿ ದೋಣಿ ತಿರುಗಿತು.

ಬಂದರಿಗೆ ಓಡಿದೆವು. ಅಣ್ಣನ ಅಂಗೈ ಸೀಳಿತ್ತು, ತೋಳಿನವರೆಗೂ ರಕ್ತ. ಬಲೆ ಇರಲಿಲ್ಲ. ಅತ್ತಿಗೆ ಮೊದಲು ಕಪಾಳಕ್ಕೆ ಬಾರಿಸಿದಳು, ಆಮೇಲೆ ತಬ್ಬಿಕೊಂಡಳು.

"ಬಲೆ ಎಲ್ಲೋ?"

"ಕತ್ತರಿಸಿದೆ."

"ಯಾಕೆ?"

ಅವನು ನನ್ನ ಕಡೆ ನೋಡಲಿಲ್ಲ. "ಅವಳು ಒಳಗಿದ್ದಳು. ಕುತ್ತಿಗೆಗೆ ಸುತ್ತಿಕೊಂಡಿತ್ತು. ಉಸಿರಿಗೆ ಮೇಲೆ ಬರೋಕೆ ಆಗ್ತಿರ್ಲಿಲ್ಲ."

"ಕಚ್ಚಿದಳಾ?"

"ಚಾಕು ಜಾರ್ತು. ಹೊಸ ಬಲೆ ಕಣೇ ಅದು." ಅಷ್ಟು ಹೇಳಿ ಅತ್ತುಬಿಟ್ಟ. ಬಲೆಗೋ, ಬದುಕಿದ್ದಕ್ಕೋ... ಅತ್ತಿಗೆ ತಲೆವಸ್ತ್ರ ಬಿಚ್ಚಿ ಅವನ ಅಂಗೈಗೆ ಸುತ್ತಿದಳು.

ಅಕ್ಟೋಬರ್ 22

ಮಧ್ಯಾಹ್ನದವರೆಗೂ ಗೋಡೆಯ ಮರೆಯಲ್ಲೇ. ಮರಿಯ ಕೂಗು ಕ್ಷೀಣಿಸಿತ್ತು. ಆಮೇಲೆ ಕೂಗಲೇ ಇಲ್ಲ. ರಸ್ತೆಯಲ್ಲಿ ಅರ್ಧ ಊರು ಕೂತಿತ್ತು, ಕೆಮ್ಮು ಬಂದವರು ದೂರ ಹೋಗಿ ಕೆಮ್ಮಿ ಬರುತ್ತಿದ್ದರು. ಇಷ್ಟು ಜನ ಇಷ್ಟು ಸುಮ್ಮನಿದ್ದದ್ದು ಈ ದ್ವೀಪದಲ್ಲಿ ಕಂಡಿಲ್ಲ.

ನೊರೆಯ ನಡುವೆ ತಲೆ. ಮುಳುಗಿತು. ಇನ್ನೂ ಹತ್ತಿರ ಎದ್ದಿತು. ಕೊರಳಲ್ಲಿ ಕೆಂಪು ಗೆರೆ. ಒಮ್ಮೆ ಕೂಗಿದಳು, ಒರಟು ದನಿ. ಮರಿ ಮಿಸುಕಾಡಿತು. ಹೊಟ್ಟೆ ಎಳೆದುಕೊಂಡು, ನಿಂತು, ಮತ್ತೆ ಎಳೆದುಕೊಂಡು... ಅಲೆ ಅದನ್ನು ಎರಡು ಸಲ ವಾಪಸ್ ಎಸೆಯಿತು. ನನಗೇ ಅರಿವಿಲ್ಲದೆ ಎದ್ದೆ. ಕತಿಂಗೋ ನನ್ನ ಜಾಕೆಟ್ ಜಗ್ಗಿ ಕೂರಿಸಿದಳು. ಮೂರನೇ ಅಲೆ ಮರಿಯನ್ನು ಒಯ್ದಿತು.

ಎರಡು ತಲೆ. ಗುಹೆಯ ಕಡೆಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹಾಗೇ ಕೂತಿದ್ದರು.

ಅಕ್ಟೋಬರ್ 30

ಸಭೆ. ಶಾಲೆಯ ಹಜಾರದಲ್ಲಿ ನಿಲ್ಲಲೂ ಜಾಗವಿಲ್ಲ. ಇಪ್ಪತ್ತೆಂಟರ ರಾಷ್ಟ್ರೀಯ ಹಬ್ಬದ ಮೆರವಣಿಗೆಯ ಬಾವುಟಗಳನ್ನು ಇನ್ನೂ ಇಳಿಸಿರಲಿಲ್ಲ.

ನಾನು ಮಾತಾಡಿದೆ. ಕೆಟ್ಟದಾಗಿ. ಬರೆದುಕೊಂಡದ್ದೆಲ್ಲ ಮರೆತೆ. ಆಮೇಲೆ ಅಣ್ಣ ಎದ್ದ, ಕೈಗೆ ಬ್ಯಾಂಡೇಜು. ಮೀನುಗಾರರೆಲ್ಲ ಅವನ ಬೆನ್ನಿಗೆ.

"ನಂಗೆ ಯಾರ ಮೇಲೂ ಪ್ರೀತಿ ಹುಟ್ಟಿಲ್ಲ," ಅಂದ. ಜನ ನಕ್ಕರು. "ನಗಬೇಡಿ. ಅವಳು ನನ್ನ ಬಲೆ ಹರಿದವಳೇ, ಸಿಟ್ಟು ಈಗಲೂ ಇದೆ. ಆದ್ರೆ ಆ ದಿನ ಅವಳನ್ನ ಅಲ್ಲಿಗೆ ಅಟ್ಟಿದ್ದು ಯಾರು? ನಮ್ಮ ಬಲೆಯಾ? ಬಲೆಗೆ ಮೊದ್ಲು ನಿಮ್ಮ ಗಿಟಾರ್ ದೋಣಿ ಹೋಗಿತ್ತು."

ಗಿಟಾರ್ ತಂದಿದ್ದವನು ನೆಲ ನೋಡಿದ.

"ಆಸ್ಪ್ರಿಯಲ್ಲಿ ನಾವು ಬಲೆ ಬಿಡಲ್ಲ. ಒಪ್ಪಿದೀವಿ, ಪಂದೆಲಿಸನೂ ಒಪ್ಪಿದ್ದಾನೆ. ಆದ್ರೆ ಒಂದು ಮಾತು. ನಮಗೆ ಬೇಡ ಅಂದ್ರೆ ಯಾರಿಗೂ ಬೇಡ. ವಿಹಾರದ ನೌಕೆ ಬೇಡ, ಫೋಟೋದವರು ಬೇಡ." ಈಗ ನನ್ನ ಕಡೆ ತಿರುಗಿದ. ದನಿ ಇಳಿಯಿತು. "ನೀನೂ ಬೇಡ ತಂಗಿ. ನಿನ್ನ ಈಜೋ ಹೆಂಗಸರೂ ಬೇಡ. ಒಪ್ತೀಯಾ?"

ಎಲ್ಲರ ಕಣ್ಣೂ ನನ್ನ ಮೇಲೆ. ಇಪ್ಪತ್ತು ವರ್ಷದಿಂದ ದಿನಾ ಇಳಿಯುವ ನೀರು. ಅಲ್ಲಿಯ ಒಂದೊಂದು ಬಂಡೆಯೂ ಕಾಲಿಗೆ ಗೊತ್ತು. ಅರ್ಗಿರೋ ಅತ್ತಿಗೆ ಅದರ ತಳ ಒಂದೇ ಸಲ ನೋಡಿದ್ದಾಳೆ. ಅವಳತ್ತ ನೋಡಿದೆ. ಅವಳು ಗಂಡನನ್ನು ನೋಡುತ್ತಿದ್ದಳು.

ಕೈ ಎತ್ತಿದೆ. ಆಮೇಲೆ ಎಲ್ಲ ಕೈಗಳೂ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಗೆದ್ದ ದಿನ!

ನವೆಂಬರ್ 5

ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ದಂಡೆ. ಇಲ್ಲಿ ಯಾರೂ ಈಜುವುದಿಲ್ಲ. ತುಕ್ಕು ಹಿಡಿದ ಕೊಳವೆ, ಹಳೇ ಟೈರು, ನೀರಿನ ಮೇಲೆ ಡೀಸೆಲಿನ ಬಣ್ಣ. ಬರುವುದಿಲ್ಲ ಅಂದುಕೊಂಡಿದ್ದೆ. ಐವರೂ ಬಂದರು. ಕತಿಂಗೋ ಹೆಣಿಗೆ ತಂದಿಲ್ಲ. ಮೊಣಕಾಲಿಗೆ ನೀರು ಒಳ್ಳೇದಂತೆ, ಡಾಕ್ಟರ್ ಹೇಳಿದರಂತೆ. ಯಾವ ಡಾಕ್ಟರೋ!

"ಇಲ್ಲಿ ನೋಡೋಕೆ ಏನಿದೆಯೇ?" ಅತ್ತಿಗೆ ಮೂಗು ಮುರಿದಳು. "ಬರೀ ಕಸ."

"ನಂಗೂ ಗೊತ್ತಿಲ್ಲ. ನಾನೂ ಇಲ್ಲಿ ಇಳಿದಿಲ್ಲ."

ಅವರು ಮೊದಲು ಇಳಿದರು. ನಾನು ಟವೆಲ್ ಹೊದ್ದು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮನಸ್ಸೇ ಬರುತ್ತಿಲ್ಲ. ಆಸ್ಪ್ರಿಯ ನೀರು ಈ ಹೊತ್ತಿಗೆ ಹೇಗಿರುತ್ತದೆಂದು ಬರೆಯಹೊರಟರೆ...

ಅತ್ತಿಗೆ ಮುಖ ಎತ್ತಿದಳು. ಮಾಸ್ಕಿನೊಳಗಿಂದಲೇ ಕೂಗುತ್ತಿದ್ದಾಳೆ. ಆ ಟೈರಿನೊಳಗೆ ಎಂಟು ತೋಳಿನದೇನೋ ಇದೆಯಂತೆ, ಕಣ್ಣು ಬಿಟ್ಟು ಇವಳನ್ನೇ ನೋಡುತ್ತಿದೆಯಂತೆ, ಬೇಗ ಬಾ ಅಂತೆ, ಬಣ್ಣ ಬದಲಾಯಿ